ಜೋಗುಳದ ಸರ್ಟಿಫಿಕೇಟು

"ಮೂಳೆಗೊಬ್ಬ, ಕಣ್ಣಿಗೊಬ್ಬ, ಹಲ್ಲಿಗೊಬ್ಬ ಅಂದ್ರೆ ಒಪ್ಕೋತೀನಿ ಕಣೋ ಪುಟ್ಟ. ನಿದ್ದೆ ಬರ್ಸೋಕೂ ಒಬ್ಬೊಬ್ಬರು ಬೇರೆ ಬೇರೆ ಅಂದ್ರೆ ಏನೋ ಅರ್ಥ? ಎದೆಗೆ ಬೇರೆ ನಿದ್ದೆ, ಮಂಡಿಗೆ ಬೇರೆ ನಿದ್ದೆ ಅಂತ ಇರುತ್ತೇನೋ?"

ಹಾಸಿಗೆಯ ಮೇಲೆ ಅಂಗಾತ ಮಲಗಿ, ಕಾಲಿಗೆ ಭಾರ ಕಟ್ಟಿಸಿಕೊಂಡು, ಚಾವಣಿಯ ಫ್ಯಾನಿಗೆ ಹೇಳುವವರಂತೆ ಅಕ್ಕ ಕೇಳಿದರು. ಪುಟ್ಟ ಅಂದರೆ ಅವರ ತಮ್ಮ. ತಲೆ ಪೂರ್ತಿ ನೆರೆತು, ಮೀಸೆಯೂ ಬೆಳ್ಳಗಾಗಿ, ಇದೇ ಆಸ್ಪತ್ರೆಯ ಅರವಳಿಕೆ ವಿಭಾಗಕ್ಕೆ ಹಿರಿಯರೆನಿಸಿಕೊಂಡ ಮನುಷ್ಯ. ವಾರ್ಡಿನ ನರ್ಸುಗಳ ಎದುರಿಗೆ ತನ್ನನ್ನು ಪುಟ್ಟ ಅನ್ನಬೇಡ ಎಂದು ಬೆಳಿಗ್ಗೆಯಿಂದ ಅವರು ಕಣ್ಣಿನಲ್ಲೇ ಬೇಡಿಕೊಳ್ಳುತ್ತಿದ್ದರು. ಅಕ್ಕನ ಕನ್ನಡಕ ದಿಂಬಿನ ಕೆಳಗಿತ್ತು, ಬೇಡಿಕೆ ತಲುಪಿರಲಿಲ್ಲ.

"ಎಲ್ಲಾ ಹೇಳ್ತೀನಿ, ಮೊದಲು ಅಲ್ಲಾಡದೆ ಮಲಕ್ಕೋ" ಅಂದರು ಡಾಕ್ಟರು.

"ಅಲ್ಲಾಡೋಕೆ ಬಿಟ್ಟಿದ್ದೀರಾ ನೀವು? ಮರಳು ಮೂಟೆ ಕಟ್ಟಿದ್ದೀರಿ."

ಅಕ್ಕ ಬಿದ್ದದ್ದು ಕುರ್ಚಿಯ ಮೇಲಿಂದ. ಫ್ಯಾನಿನ ಧೂಳು ಒರೆಸುತ್ತಿದ್ದೆ ಎಂದು ಎಲ್ಲರಿಗೂ ಹೇಳಿಕೆ ಕೊಟ್ಟಿದ್ದರು. ಆದರೆ ಕುರ್ಚಿ ಸಿಕ್ಕಿದ್ದು ಕಿಟಕಿಯ ಹತ್ತಿರ, ಫ್ಯಾನಿದ್ದದ್ದು ಕೋಣೆಯ ನಡುವೆ. ಪಕ್ಕದ ಮನೆಗೆ ಆ ಹೊತ್ತಿನಲ್ಲಿ ಯಾರೋ ಪೆಟ್ಟಿಗೆ ಸಮೇತ ಬಂದಿಳಿದಿದ್ದರು ಎಂಬುದು ಆಮೇಲೆ ತಿಳಿದ ವಿಷಯ. ಬಂದವರು ಯಾರೆಂದು ಪೂರ್ತಿ ಕಾಣುವಷ್ಟರಲ್ಲಿ ಸೊಂಟದ ಮೂಳೆ ಮುರಿಯಿತು. ಅಕ್ಕನಿಗೆ ನೋವಿಗಿಂತ ಆ ಬೇಜಾರೇ ಹೆಚ್ಚು.

ಡಾಕ್ಟರಿಗೆ ಆಸ್ಪತ್ರೆಯಲ್ಲಿ ಜೋಗುಳದ ಡಾಕ್ಟರು ಎಂದು ಹೆಸರು. ಅವರ ಪದ್ಧತಿಯೇ ಹಾಗೆ. ಮದ್ದು ಕೊಡುವ ಮೊದಲು ರೋಗಿಯ ತಲೆಯ ಹತ್ತಿರ ಸ್ಟೂಲು ಎಳೆದುಕೊಂಡು ಕೂತು, ಮೆಲ್ಲಗೆ, ಒಂದೇ ಶ್ರುತಿಯಲ್ಲಿ, "ಹೂಂ, ಆಮೇಲೆ?" ಅನ್ನುತ್ತ ಏನಾದರೊಂದು ಕಥೆ ಹೇಳಿಸುವರು. ಅತ್ತೆಯ ಜಗಳವೋ, ಕಳೆದುಹೋದ ನಾಯಿಯೋ, ಮೊದಲನೇ ಸಲ ಸೈಕಲ್ ಕಲಿತದ್ದೋ, ಯಾವುದಾದರೂ ಸರಿ. ಹೇಳುವವರಿಗೆ ಹೆದರಿಕೆ ಮರೆಯುತ್ತದೆ, ಮಾತು ನಿಧಾನವಾಗುತ್ತದೆ, ಒಂದು ವಾಕ್ಯದ ನಡುವೆ ಕಣ್ಣು ಮುಚ್ಚುತ್ತದೆ. ಹೀಗಾಗಿ ಈ ಊರಿನ ಅರ್ಧ ಜನರ ಕಥೆ ಡಾಕ್ಟರಿಗೆ ಗೊತ್ತು. ಆದರೆ ಅರ್ಧ ಅರ್ಧ ಮಾತ್ರ. ನಾಯಿ ಸಿಕ್ಕಿತೋ ಇಲ್ಲವೋ, ಅತ್ತೆ ವಾಪಸು ಬಂದರೋ ಇಲ್ಲವೋ, ಅವರಿಗೆ ತಿಳಿಯದು. ಎಚ್ಚರವಾದ ಮೇಲೆ ಕೇಳಿದರೆ, "ಅಯ್ಯೋ, ನಾನು ಅದೆಲ್ಲಾ ಹೇಳಿದ್ನಾ?" ಎಂದು ಜನ ಮುಖ ಮುಚ್ಚಿಕೊಳ್ಳುವರು.

ಆ ಹೊತ್ತಿಗೆ ಶಿಷ್ಯೆ ಬಂದಳು. ಒಂದು ಕಾಲದಲ್ಲಿ ಈ ಡಾಕ್ಟರ ಹಿಂದೆ ಹಿಂದೆ ಓಡಾಡಿ ಕೆಲಸ ಕಲಿತವಳು. ಆಮೇಲೆ ದೂರದ ದೊಡ್ಡ ಆಸ್ಪತ್ರೆಯೊಂದಕ್ಕೆ ಹೋಗಿ, ಹೃದಯದ ತೊಂದರೆ ಇರುವವರಿಗೆ ಅರವಳಿಕೆ ಕೊಡುವುದನ್ನೇ ಬೇರೆಯಾಗಿ ಓದಿ, ಸರ್ಟಿಫಿಕೇಟು ತಂದು ಗೋಡೆಗೆ ತೂಗುಹಾಕಿದವಳು. ಮಾತು ಕಡಿಮೆ. ನಗುವುದಂತೂ ಯಾರೂ ಕಂಡಿರಲಿಲ್ಲ. ಸ್ಟೆತಾಸ್ಕೋಪನ್ನು ಅಕ್ಕನ ಎದೆಗೆ ಒತ್ತಿ, ತಲೆ ಬಾಗಿಸಿ, ಬಹಳ ಹೊತ್ತು ಕೇಳಿದಳು. ಆಮೇಲೆ ತಳ್ಳುಗಾಡಿಯ ಮೇಲಿನ ಯಂತ್ರ ತರಿಸಿ, ತಣ್ಣನೆಯ ಅಂಟು ಹಚ್ಚಿ, ಪರದೆಯ ಮೇಲೆ ಅಕ್ಕನ ಹೃದಯವನ್ನೇ ನೋಡಿದಳು.

"ಏನಮ್ಮಾ, ಅಷ್ಟು ಹೊತ್ತು ಕೇಳ್ತೀಯಾ? ಒಳಗೆ ಯಾರಾದ್ರೂ ಹಾಡ್ತಿದ್ದಾರಾ?" ಅಕ್ಕ ಕೇಳಿದರು.

"ಹೌದಮ್ಮಾ. ಸ್ವಲ್ಪ ಜೋರಾಗೇ ಹಾಡ್ತಿದ್ದಾರೆ."

"ನಮ್ಮ ವಂಶದಲ್ಲಿ ಯಾರಿಗೂ ಸಂಗೀತ ಬರಲ್ಲವಲ್ಲ."

ಶಿಷ್ಯೆ ನಗಲಿಲ್ಲ. "ಸರ್, ಒಂದು ನಿಮಿಷ ಹೊರಗೆ ಬರ್ತೀರಾ?" ಅಂದಳು. ಅವರಿಬ್ಬರೂ ಬಾಗಿಲು ದಾಟುವಾಗ ಹಿಂದಿನಿಂದ ಅಕ್ಕನ ದನಿ ಕೇಳಿಸಿತು. ಪಕ್ಕದ ಹಾಸಿಗೆಯಾಕೆಗೆ ಹೇಳುತ್ತಿದ್ದರು: "ನನ್ನ ತಮ್ಮನೇ ಮಲಗಿಸೋದು. ಬೇರೆ ಯಾರ ಕೈಗೂ ನಾನು ತಲೆ ಕೊಡಲ್ಲ. ಅವನು ಮುಟ್ಟಿದ್ರೆ ಸಾಕು, ಆನೆ ಕೂಡ ಮಲಗುತ್ತೆ."

ಕಾರಿಡಾರಿನಲ್ಲಿ ನೆಲ ಒರೆಸಿ ಇನ್ನೂ ಒದ್ದೆಯಾಗಿತ್ತು. ಇಬ್ಬರೂ ಗೋಡೆಗೆ ಅಂಟಿಕೊಂಡು ನಿಂತರು.

"ಕವಾಟ ತುಂಬಾ ಕಿರಿದಾಗಿದೆ ಸರ್. ರಕ್ತ ಹೊರಗೆ ಬರೋ ಬಾಗಿಲೇ ಮುಕ್ಕಾಲು ಮುಚ್ಚಿದೆ. ಮದ್ದು ಸ್ವಲ್ಪ ಹೆಚ್ಚಾಗಿ ಬಿ.ಪಿ. ಒಂದು ಸಲ ಇಳೀತು ಅಂದ್ರೆ..."

"ಗೊತ್ತು. ಮತ್ತೆ ಮೇಲೆ ಬರಲ್ಲ."

"ಕಷ್ಟ."

"ಗೊತ್ತು ಅಂದ್ನಲ್ಲ. ನಾನೂ ಮಾಡಿದ್ದೀನಿ ಇಂಥವನ್ನ."

"ಎಷ್ಟು ಸರ್?"

ಡಾಕ್ಟರು ಬೆನ್ನ ಹಿಂದೆ ಬೆರಳು ಮಡಚಿ ಎಣಿಸಿದರು. ಇನ್ನೊಂದು ಕೈಗೆ ಕೆಲಸ ಬೀಳಲಿಲ್ಲ. "ಎಣಿಸ್ಕೊಂಡು ಯಾರಮ್ಮಾ ಕೆಲಸ ಮಾಡ್ತಾರೆ?" ಅಂದರು.

ಶಿಷ್ಯೆ ಆ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟಳು. ಯಾಕೆಂದರೆ ಅದೇ ಸಂಜೆ ಊರಿನ ಅರವಳಿಕೆ ತಜ್ಞರ ಸಂಘದ ಸಭೆ ಇತ್ತು. ಮಕ್ಕಳಿಗೆ, ಹೃದಯಕ್ಕೆ, ಮಿದುಳಿಗೆ, ಹೆರಿಗೆಗೆ, ನೋವಿಗೆ, ವಯಸ್ಸಾದವರಿಗೆ, ಹೀಗೆ ಒಂದೊಂದಕ್ಕೂ ಬೇರೆ ಬೇರೆ ಸರ್ಟಿಫಿಕೇಟು ಇರಬೇಕೆಂದು ಮೇಲಿನವರಿಗೆ ಶಿಫಾರಸು ಮಾಡಬೇಕೋ ಬೇಡವೋ ಎಂಬುದೇ ವಿಷಯ. ಬೇಕು ಎನ್ನುವವರ ಪರವಾಗಿ ಮಾತಾಡುವವಳು ಶಿಷ್ಯೆ. ಬೇಡ ಎನ್ನುವವರ ಪರವಾಗಿ ಮಾತಾಡುವವರು ಡಾಕ್ಟರು. "ಒಬ್ಬನ್ನ ಮಲಗಿಸೋಕೆ ಬಂದ್ರೆ ಯಾರನ್ನ ಬೇಕಾದ್ರೂ ಮಲಗಿಸಬಹುದು" ಎಂಬ ಅವರ ಮಾತು ಕ್ಯಾಂಟೀನಿನ ಟೇಬಲ್ಲುಗಳಿಗೂ ಬಾಯಿಪಾಠವಾಗಿತ್ತು.

"ಅಕ್ಕನಿಗೆ ನಾನೇ ಕೊಡಬೇಕಂತೆ" ಅಂದರು ಡಾಕ್ಟರು, ಒದ್ದೆ ನೆಲವನ್ನು ನೋಡುತ್ತ.

"ನಿಮಗೆ ಸರ್?"

"ನನಗೇನು?"

"ನೀವೇ ಕೊಡಬೇಕು ಅನ್ಸುತ್ತಾ?"

ಉತ್ತರ ಹೇಳುವ ಮೊದಲೇ ಮೂಳೆ ಡಾಕ್ಟರು ಎದುರಿಗೆ ಬಂದರು. ಸದಾ ಅವಸರದ ಮನುಷ್ಯ; ಒದ್ದೆ ನೆಲದ ಮೇಲೂ ಓಡಿಯೇ ಬಂದರು. "ನಾಳೆ ಮೊದಲನೇ ಕೇಸು ಹಾಕಿದ್ದೀನಿ. ಮಲಗಿಸೋರು ಯಾರು ಅಂತ ಸಂಜೆಯೊಳಗೆ ಹೇಳಿ. ಬೇಗ ಮಲಗಿಸೋರು ಯಾರಾದ್ರೂ ಸರಿ" ಎಂದು ಹೇಳಿ, ಜಾರುತ್ತ ಮುಂದೆ ಹೋದರು.

ಸಭೆ ಆಸ್ಪತ್ರೆಯ ಮೇಲಂತಸ್ತಿನ ಹಾಲಿನಲ್ಲಿ. ದಿನವಿಡೀ ನಿಂತು ಕೆಲಸ ಮಾಡಿದವರೆಲ್ಲ ಮೆತ್ತನೆಯ ಕುರ್ಚಿ ಸಿಕ್ಕಿದ್ದೇ ತಡ, ಕಾಲು ಚಾಚಿ ಕೂತರು. ಶಿಷ್ಯೆ ಮೊದಲು ಮಾತಾಡಿದಳು. "ಎಲ್ಲರಿಗೂ ಎಲ್ಲಾ ಬರುತ್ತೆ ಅನ್ನೋದು ನಮ್ಮ ಜಂಬ. ರೋಗಿಗೆ ಬೇಕಾಗಿರೋದು ಜಂಬ ಅಲ್ಲ. ತನ್ನ ತಲೆ ಹತ್ತಿರ ನಿಂತಿರೋರು ಈ ಕೆಲಸ ಮತ್ತೆ ಮತ್ತೆ ಮಾಡಿದ್ದಾರಾ ಅಂತ ತಿಳ್ಕೊಳ್ಳೋ ಹಕ್ಕು" ಅಂದಳು. ಅಷ್ಟೇ. ಬೇಗ ಮುಗಿಸಿ ಎರಡನೇ ಸಾಲಿನಲ್ಲಿ ಕೂತಳು.

ಆಮೇಲೆ ಒಂದೊಂದೇ ಗಲಾಟೆ. ವಯಸ್ಸಾದವರಿಗೆ ಬೇರೆ ಸರ್ಟಿಫಿಕೇಟು ಬೇಕು ಎಂದು ಒಬ್ಬರು ಎದ್ದರೆ, ಎಷ್ಟಕ್ಕೆ ವಯಸ್ಸಾಯಿತು ಅನ್ನಬೇಕು ಎಂದು ಇನ್ನೊಬ್ಬರು ಎದ್ದರು. ಅರುವತ್ತು ಎಂದು ಯಾರೋ ಅಂದದ್ದಕ್ಕೆ ಮುಂದಿನ ಸಾಲಿಡೀ ಹಿಂದೆ ತಿರುಗಿ ನೋಡಿತು. "ಎಪ್ಪತ್ತೈದು ಅಂತ ಬರ್ಕೊಳ್ಳಿ" ಎಂದು ಅಧ್ಯಕ್ಷರು ಸಮಾಧಾನ ಮಾಡಿದರು; ಅವರಿಗೆ ಎಪ್ಪತ್ತನಾಲ್ಕು. "ಜಗಳಗಂಟ ಸರ್ಜನ್‌ಗಳ ಜೊತೆ ಕೆಲಸ ಮಾಡೋಕೆ ಒಂದು ಸರ್ಟಿಫಿಕೇಟು ಕೊಡಿ, ಅದನ್ನ ನಾನು ಮೊದಲು ತಗೋತೀನಿ" ಎಂದು ಮೂಲೆಯಿಂದ ಒಬ್ಬಾಕೆ ಹೇಳಿದಾಗ ಮಾತ್ರ ಎಲ್ಲರೂ ಒಟ್ಟಿಗೆ ಚಪ್ಪಾಳೆ ತಟ್ಟಿದರು.

ಕೊನೆಗೆ ಡಾಕ್ಟರು ಎದ್ದರು. ಒಳ್ಳೆಯ ಮಾತುಗಳನ್ನೇ ಆರಿಸಿಕೊಂಡು ಬಂದಿದ್ದರು. "ಸಣ್ಣ ಊರಿನ ಸಣ್ಣ ಆಸ್ಪತ್ರೆ. ಒಬ್ಬನೇ ಅರವಳಿಕೆ ಡಾಕ್ಟರು. ಬಾಗಿಲಿಗೆ ಒಬ್ಬ ಬಸುರಿ ಬರ್ತಾಳೆ, ಅವಳಿಗೆ ಹೃದಯದ ತೊಂದರೆಯೂ ಇದೆ. ಹೆರಿಗೆ ಸರ್ಟಿಫಿಕೇಟಿನೋನು ಬರಬೇಕಾ, ಹೃದಯದ ಸರ್ಟಿಫಿಕೇಟಿನೋನು ಬರಬೇಕಾ? ಇಬ್ಬರೂ ಇಲ್ಲ. ಇರೋನಿಗೆ ಸರ್ಟಿಫಿಕೇಟಿಲ್ಲ. 'ನಿನಗೆ ಅಧಿಕಾರ ಇಲ್ಲ, ಮುಟ್ಟಬೇಡ' ಅಂತೀವಾ? ದೊಡ್ಡ ಊರಿಗೆ ಕಳಿಸ್ತೀವಾ? ದಾರೀಲಿ ಏನಾದ್ರೂ ಆದ್ರೆ, ಅದಕ್ಕೆ ಯಾರ ಸರ್ಟಿಫಿಕೇಟು?"

ಮಾತು ನಿಜವಾಗಿಯೂ ತೂಕದ್ದು. ಆದರೆ ಒಂದು ತೊಂದರೆಯಾಯಿತು. ಡಾಕ್ಟರಿಗೆ ನಾಲ್ಕು ಜನರೆದುರು ಮಾತಾಡಿ ಅಭ್ಯಾಸವಿಲ್ಲ. ಅವರ ಗಂಟಲು ಜೀವಮಾನವೆಲ್ಲ ಒಂದೇ ಕೆಲಸಕ್ಕೆ ಪಳಗಿತ್ತು. ಸ್ವಲ್ಪ ಹೊತ್ತು ಮಾತಾಡುವಷ್ಟರಲ್ಲಿ ಅದು ತಾನಾಗಿ ತನ್ನ ಹಳೆಯ ಶ್ರುತಿಗೆ ಇಳಿಯಿತು. ಮೆಲ್ಲಗೆ, ಒಂದೇ ಲಯದಲ್ಲಿ, ಏರಿಳಿತವಿಲ್ಲದೆ. ಮೊದಲು ಅಧ್ಯಕ್ಷರ ಗದ್ದ ಎದೆಗೆ ತಾಗಿತು. ಆಮೇಲೆ ಮುಂದಿನ ಸಾಲು ಎಡದಿಂದ ಬಲಕ್ಕೆ ಒಬ್ಬೊಬ್ಬರಾಗಿ ವಾಲಿತು. ಜಗಳಗಂಟ ಸರ್ಜನ್‌ಗಳ ಮಾತೆತ್ತಿದಾಕೆ ಪಕ್ಕದವರ ಹೆಗಲಿಗೇ ಒರಗಿದರು. ಊರಿಗೆಲ್ಲ ನಿದ್ದೆ ಹಂಚುವ ಜನ, ತಮ್ಮ ಪಾಲಿನದು ಸಿಕ್ಕಿದಾಗ ಬೇಡವೆನ್ನಲಿಲ್ಲ.

ಎಚ್ಚರವಿದ್ದವಳು ಶಿಷ್ಯೆ ಒಬ್ಬಳು. ಅವಳೂ ಡಾಕ್ಟರ ಕಡೆ ನೋಡುತ್ತಿರಲಿಲ್ಲ. ತೊಡೆಯ ಮೇಲಿದ್ದ ಫೋನನ್ನು ನೋಡುತ್ತಿದ್ದಳು. ಅದರ ಪರದೆಯಲ್ಲಿ ಬೂದು ಬಣ್ಣದ ಏನೋ ಒಂದು ಮುಚ್ಚಿ ತೆರೆಯುತ್ತಿತ್ತು. ಮುಗಿದ ಕೂಡಲೇ ಬೆರಳಿನಿಂದ ಒತ್ತಿ ಮತ್ತೆ ಮೊದಲಿನಿಂದ ನೋಡುತ್ತಿದ್ದಳು. ವೇದಿಕೆಯ ಮೇಲಿದ್ದ ಡಾಕ್ಟರಿಗೆ ಅದು ಯಾರ ಹೃದಯವೆಂದು ಹೊಳೆಯಲು ಹೊತ್ತು ಬೇಕಾಗಲಿಲ್ಲ.

ಮಾತು ಅಲ್ಲಿಗೇ ನಿಂತಿತು.

"ಏನಮ್ಮಾ" ಅಂದರು, ತಮ್ಮ ಮಾಮೂಲಿ ದನಿಯಲ್ಲಿ. "ನಾಳೆ ಮೊದಲನೇ ಕೇಸು ನೀನು ತಗೋತೀಯಾ?"

ಜೋಗುಳ ನಿಂತದ್ದೇ ಸಭೆ ಪೂರ್ತಿ ಗಡಬಡಿಸಿ ಎದ್ದಿತು. "ಯಾವ ಕೇಸು? ಯಾರ ಕೇಸು?" ಎಂದು ಅಧ್ಯಕ್ಷರು ಅತ್ತಿತ್ತ ನೋಡಿದರು.

"ನಮ್ಮ ಅಕ್ಕ."

"ಹಾಗಾದ್ರೆ ನಿಮ್ಮ ವಿರೋಧ ವಾಪಸಾ?"

"ಇಲ್ಲ ಸ್ವಾಮಿ. ವಿರೋಧ ಇದ್ದೇ ಇದೆ." ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಅಕ್ಕನೂ ಇದ್ದಾಳೆ."

ಇದನ್ನು ಹೇಗೆ ಬರೆದುಕೊಳ್ಳುವುದೆಂದು ತಿಳಿಯದೆ ಕಾರ್ಯದರ್ಶಿ ಅಧ್ಯಕ್ಷರ ಮುಖ ನೋಡಿದರು. ಅಷ್ಟರಲ್ಲಿ ಡಾಕ್ಟರ ಜೇಬಿನ ಫೋನು ಬಡಿದುಕೊಂಡಿತು. ವಾರ್ಡಿನಿಂದ ಅಕ್ಕ. ಫೋನು ಕಿವಿಗೆ ಹಿಡಿಯದಿದ್ದರೂ ಎರಡನೇ ಸಾಲಿನವರೆಗೆ ಕೇಳಿಸಿತು: "ಪುಟ್ಟಾ, ನನ್ನ ಹಲ್ಲಿನ ಸೆಟ್ಟು ಎಲ್ಲಿಟ್ಟೆಯೋ? ಪಕ್ಕದ ಹಾಸಿಗೆಯೋರದನ್ನ ಹಾಕ್ಕೊಂಡುಬಿಟ್ಟಿದ್ದೀನಿ ಅನ್ಸುತ್ತೆ, ಕಚ್ತಿದೆ!"

ಡಾಕ್ಟರು ಮೆಟ್ಟಿಲಿಳಿದು ಓಡಿದರು.

ಹಲ್ಲು ಬದಲಾಯಿಸಿ, ಪಕ್ಕದಾಕೆಯ ಕ್ಷಮೆ ಕೇಳಿ, ಎಲ್ಲಾ ಸರಿಯಾದ ಮೇಲೆ ಡಾಕ್ಟರು ಹಾಸಿಗೆಯ ಅಂಚಿನಲ್ಲಿ ಕೂತರು. ಹೇಗೆ ಶುರು ಮಾಡುವುದೆಂದು ತಿಳಿಯದೆ ಅಕ್ಕನ ಹೊದಿಕೆಯ ಸುಕ್ಕು ಬಿಡಿಸಿದರು. ಬಿಡಿಸಿದ ಸುಕ್ಕನ್ನೇ ಮತ್ತೆ ಬಿಡಿಸಿದರು.

"ನಾಳೆ ಆ ಹುಡುಗಿ ಕೊಡ್ತಾಳೆ ಅಕ್ಕ."

"ಯಾವ ಹುಡುಗಿ? ಆ ನಗದೇ ಇರೋಳಾ? ಯಾಕೆ, ನೀನೆಲ್ಲಿ ಹೋಗ್ತೀಯಾ?"

"ಎಲ್ಲೂ ಹೋಗಲ್ಲ."

"ಮತ್ತೆ ನಿನ್ನ ಕೈಗೇನಾಗಿದೆ?"

"ಏನೂ ಆಗಿಲ್ಲ. ನಿನ್ನ ಎದೇಲಿ ಒಂದು ತೊಂದರೆ ಇದೆ. ಅದು... ನನಗಿಂತ ಅವಳಿಗೆ ಚೆನ್ನಾಗಿ ಬರುತ್ತೆ."

ಅಕ್ಕ ಕನ್ನಡಕ ಹುಡುಕಿ ಹಾಕಿಕೊಂಡು, ತಮ್ಮನ ಮುಖವನ್ನು ಹತ್ತಿರದಿಂದ ನೋಡಿದರು. ತಮ್ಮ ಡಾಕ್ಟರಾದ ದಿನದಿಂದ ಅಂಗಡಿಯಲ್ಲಿ, ಬಸ್ಸಿನಲ್ಲಿ, ಗೊತ್ತಿಲ್ಲದವರ ಮನೆಯ ಜಗುಲಿಯಲ್ಲಿ ಕೂಡ ಹೊಗಳಿಕೊಂಡು ಬಂದ ಹೆಂಗಸು. ಅಮ್ಮ ಹೋದ ಮೇಲೆ ಈ ಪುಟ್ಟನನ್ನು ಹೆಗಲ ಮೇಲೆ ಹಾಕಿಕೊಂಡು ಅಂಗಳದಲ್ಲಿ ಅಡ್ಡಾಡಿ ಮಲಗಿಸಿದ್ದೂ ಅವರೇ. ಆ ವಿದ್ಯೆ ತನ್ನಿಂದಲೇ ಅವನಿಗೆ ಹೋಗಿದ್ದು ಎಂಬುದು ಅವರ ಗಟ್ಟಿ ನಂಬಿಕೆ.

"ನಿನಗೆ ಹೆದರಿಕೆನಾ?" ಅಂದರು.

"ಹೂಂ."

"ನನ್ನ ನೋಡಿ ಚಿಕ್ಕವನಿದ್ದಾಗ ಹೆದರ್ತಿದ್ದೆ. ಆಮೇಲೆ ಈಗಲೇ." ಅಕ್ಕ ಕನ್ನಡಕ ತೆಗೆದು ಮತ್ತೆ ದಿಂಬಿನ ಕೆಳಗಿಟ್ಟರು. "ಸರಿ. ಅವಳೇ ಮಾಡ್ಲಿ. ಆದ್ರೆ ನಂಗೆ ನಿದ್ದೆ ಬರೋವರೆಗೂ ನೀನು ತಲೆ ಹತ್ತಿರ ಇರಬೇಕು. ಇದ್ರೆ ಟೈಲರ್ ಮೀಸೆ ಕಥೆ ಹೇಳ್ತೀನಿ."

ಡಾಕ್ಟರು ಕೂತಲ್ಲೇ ನೆಟ್ಟಗಾದರು. ಅವರ ಬೀದಿಯ ಕೊನೆಯಲ್ಲಿ ಒಬ್ಬ ಟೈಲರಿದ್ದ. ಅವನ ಮೀಸೆಯೆಂದರೆ, ಅಳತೆ ತೆಗೆಯುವಾಗ ಟೇಪಿನ ಜೊತೆಗೆ ಅದೂ ಮೈಗೆ ತಾಗುತ್ತಿತ್ತು. ಡಾಕ್ಟರು ಹಾಸ್ಟೆಲಿನಲ್ಲಿ ಓದುತ್ತಿದ್ದಾಗ ಒಂದು ದಿನ ಆ ಮೀಸೆ ಇದ್ದಕ್ಕಿದ್ದಂತೆ ಮಾಯವಾಯಿತು. ಯಾಕೆಂದು ಬೀದಿಯಲ್ಲಿ ಗೊತ್ತಿದ್ದವರು ಅಕ್ಕ ಒಬ್ಬರೇ. ರಜೆಗೆ ಬಂದ ತಮ್ಮ ಕೇಳಿದಾಗ "ಆಮೇಲೆ ಹೇಳ್ತೀನಿ" ಅಂದಿದ್ದರು. ಆ ಆಮೇಲೆ ಇವತ್ತಿನವರೆಗೂ ಬಂದಿರಲಿಲ್ಲ. ಟೈಲರು ತೀರಿಕೊಂಡ. ಬೀದಿಯ ಹಳಬರೂ ಒಬ್ಬೊಬ್ಬರಾಗಿ ಹೋದರು. ಈಗ ಆ ಮೀಸೆ ಇರುವುದು ಅಕ್ಕನ ತಲೆಯಲ್ಲಿ ಮಾತ್ರ.

"ಈಗಲೇ ಹೇಳಿಬಿಡು" ಅಂದರು ಡಾಕ್ಟರು. ನಾಳೆಯ ಮೇಲೆ ಅವರಿಗೆ ಅಷ್ಟು ನಂಬಿಕೆ ಇರಲಿಲ್ಲ.

"ಊಹೂಂ. ನಾಳೆ."

ಬೆಳಿಗ್ಗೆ ಆಪರೇಷನ್ ಕೋಣೆಯ ಹೊರಗೆ, ನಲ್ಲಿಯ ಕೆಳಗೆ ಕೈ ತೊಳೆಯುತ್ತಿದ್ದ ಶಿಷ್ಯೆಯ ಪಕ್ಕದಲ್ಲಿ ಡಾಕ್ಟರು ಅಭ್ಯಾಸಬಲದಿಂದ ತಾವೂ ತೋಳು ಮಡಚಿದರು.

"ನೀವು ಯಾಕೆ ಸರ್ ತೊಳ್ಕೊಳ್ತಿದ್ದೀರಾ?"

"ಸುಮ್ಮನೆ. ತೊಳ್ಕೊಂಡ್ರೆ ತಪ್ಪೇನು?"

"ತೊಳ್ಕೊಳ್ಳಿ. ಆದ್ರೆ ಒಳಗೆ ಬಂದ ಮೇಲೆ ಕೈ ಎರಡೂ ಜೇಬಲ್ಲಿರಬೇಕು. ಇವತ್ತು ನೀವು ಡಾಕ್ಟ್ರಲ್ಲ, ತಮ್ಮ."

ಡಾಕ್ಟರು ತಲೆಯಾಡಿಸಿದರು. ಸುಮ್ಮನಿರಲಾಗದೆ, "ನಿನ್ನೆ ಓಟು ಏನಾಯ್ತು?" ಅಂದರು.

"ನಿಮ್ಮ ಭಾಷಣ ಕೇಳದೆ ಇದ್ದೋರು ಓಟು ಹಾಕೋ ಹಾಗಿಲ್ಲ ಅಂತ ಯಾರೋ ತಕರಾರು ಎತ್ತಿದ್ರು. ಮಲಗಿದ್ದೋರನ್ನೆಲ್ಲ ತಟಸ್ಥರು ಅಂತ ಅಧ್ಯಕ್ಷರು ಬರೆಸ್ಕೊಂಡ್ರು. ತಟಸ್ಥರೇ ಗೆದ್ರು ಸರ್. ವಿಷಯ ಮುಂದಿನ ಸಭೆಗೆ ಹೋಯ್ತು."

"ಅಲ್ಲೂ ನಾನೇ ಮಾತಾಡಬೇಕಾ?"

"ಬೇಡ ಅಂತ ಒಮ್ಮತದ ತೀರ್ಮಾನ ಆಗಿದೆ. ಅದೊಂದೇ ನಿನ್ನೆ ಒಮ್ಮತದಿಂದ ಆಗಿದ್ದು."

ಒಳಗೆ ಅಕ್ಕ ದೊಡ್ಡ ದೀಪದ ಕೆಳಗೆ ಪುಟ್ಟದಾಗಿ ಕಾಣುತ್ತಿದ್ದರು. ಹಲ್ಲಿಲ್ಲದ ಬಾಯಿ, ಕೂದಲಿನ ಮೇಲೆ ಹಸಿರು ಟೋಪಿ. ಶಿಷ್ಯೆ ಮಣಿಕಟ್ಟಿನ ಹತ್ತಿರ ಮರಗಟ್ಟಿಸಿ ಒಂದು ಸಣ್ಣ ಕೊಳವೆ ಇಳಿಸಿದ್ದಳು. ಎದೆಬಡಿತ ಒಂದೊಂದೂ ಪರದೆಯ ಮೇಲೆ ಗುಡ್ಡದ ಸಾಲಿನಂತೆ ಹಾದುಹೋಗುತ್ತಿತ್ತು. ಗುಡ್ಡಗಳು ಹತ್ತಿರ ಹತ್ತಿರವಾಗತೊಡಗಿದವು.

"ಬಡಿತ ಜಾಸ್ತಿ ಆಗ್ತಿದೆ. ಮಾತಾಡಿಸಿ ಸರ್" ಅಂದಳು ಶಿಷ್ಯೆ ಮೆಲ್ಲಗೆ.

ಡಾಕ್ಟರು ಬಗ್ಗಿದರು. ಆನೆಯನ್ನೂ ಮಲಗಿಸುವ ದನಿ ತೆಗೆಯಲು ಹೋದರು. ಬಂದದ್ದು ಒಡೆದ ಕೊಳಲಿನಂಥ ಸದ್ದು. "ಅಕ್ಕ... ಏನೂ... ನಿದ್ದೆ ಅಷ್ಟೇ... ಏನೂ ಆಗಲ್ಲ" ಅಂದರು. ಪರದೆಯ ಮೇಲೆ ಗುಡ್ಡಗಳು ಇನ್ನೂ ಒತ್ತೊತ್ತಾದವು.

"ಪುಟ್ಟಾ, ನೀನು ಸುಮ್ನಿರು. ನಿನ್ನ ದನಿ ಕೇಳಿದ್ರೆ ನಂಗೇ ಹೆದರಿಕೆ ಆಗುತ್ತೆ" ಅಂದರು ಅಕ್ಕ. "ನಾನೇ ಹೇಳ್ತೀನಿ, ಕೇಳು. ನೀನೂ ಕೇಳಮ್ಮ. ನಮ್ಮ ಬೀದೀಲಿ ಒಬ್ಬ ಟೈಲರಿದ್ದ. ಅವನ ಮೀಸೆ ಇಷ್ಟುದ್ದ. ಒಂದು ದಿನ ಮಧ್ಯಾಹ್ನ ಹೊಲಿಯೋಕೆ ಕೊಟ್ಟಿದ್ದ ಬಟ್ಟೆ ಇಸ್ಕೊಂಡು ಬರೋಣ ಅಂತ ಹೋದೆ. ಅಂಗಡಿ ಬಾಗಿಲು ಅರ್ಧ ಮುಚ್ಚಿದೆ. ಒಳಗೆ ಮಿಷನ್ ಸದ್ದಿಲ್ಲ..."

ಹೇಳುತ್ತ ಹೇಳುತ್ತ ಅಕ್ಕನ ದನಿಗೆ ತನ್ನದೇ ಒಂದು ಲಯ ಬಂತು. ಗುಡ್ಡಗಳು ಒಂದರಿಂದ ಒಂದು ದೂರ ಸರಿದವು. ಶಿಷ್ಯೆ ಮದ್ದನ್ನು ತೊಟ್ಟು ತೊಟ್ಟಾಗಿ ಬಿಡುತ್ತಿದ್ದಳು. ಒಂದು ಕಣ್ಣು ಪರದೆಯ ಮೇಲೆ. ಕಿವಿ ಎಲ್ಲಿತ್ತೋ ಹೇಳುವುದು ಕಷ್ಟ.

"...ಯಾರೋ ಬಿಕ್ಕಿ ಬಿಕ್ಕಿ ಅಳ್ತಿರೋ ಹಾಗಿದೆ. ಏನಪ್ಪಾ ಅಂತ ಬಾಗಿಲು ಸ್ವಲ್ಪ ತಳ್ಳಿದೆ. ನೋಡಿದ್ರೆ, ಟೈಲರು ಮಿಷನ್ ಮುಂದೆ ಕೂತಿದ್ದಾನೆ. ಕೈಲಿ ದೊಡ್ಡ ಕತ್ತರಿ. ಮುಖದ ತುಂಬ ನೀರು. ಮೀಸೆ ನೋಡ್ತೀನಿ... ಒಂದು ಕಡೆ... ಒಂದು ಕಡೆದು ಮಾತ್ರ..."

ತುಟಿ ನಿಂತಿತು.

ಕೋಣೆಯಲ್ಲಿ ಒಬ್ಬರೂ ಅಲ್ಲಾಡಲಿಲ್ಲ. ಹಸಿರು ಬಟ್ಟೆಯ ಆಚೆ ಅವಸರದಿಂದ ಕಾಲು ಬದಲಾಯಿಸುತ್ತಿದ್ದ ಮೂಳೆ ಡಾಕ್ಟರೂ ನಿಂತುಬಿಟ್ಟಿದ್ದರು. "ಒಂದು ಕಡೆದು ಮಾತ್ರ ಏನು?" ಅಂದರು.

ಅದೇ ಕ್ಷಣದಲ್ಲಿ ಪರದೆಯ ಮೇಲಿನ ಗುಡ್ಡಗಳು ಕುಸಿಯತೊಡಗಿದವು. ಎತ್ತರದವು ಗಿಡ್ಡವಾದವು, ಗಿಡ್ಡದವು ನೆಲಕ್ಕೆ ಹತ್ತಿರವಾದವು. ಡಾಕ್ಟರ ಕಾಲು ತಾನಾಗಿ ಮುಂದೆ ಹೋಯಿತು. ಕೈ ಮೇಲೆ ಬಂತು.

"ಸರ್, ಜೇಬು" ಅಂದಳು ಶಿಷ್ಯೆ, ತಿರುಗಿ ನೋಡದೆ.

ಕೈ ಜೇಬಿಗೆ ಹೋಯಿತು. ಶಿಷ್ಯೆಯ ಬೆರಳು ಆಗಲೇ ಇನ್ನೊಂದು ಸಿರಿಂಜಿನ ಮೇಲಿತ್ತು. ಒತ್ತಿದಳೋ ಇಲ್ಲವೋ ಎನ್ನುವಷ್ಟು ಒತ್ತಿದಳು. ಕಾದಳು. ಇನ್ನಷ್ಟು ಒತ್ತಿದಳು. ಜೇಬಿನೊಳಗೆ ಡಾಕ್ಟರ ಬೆರಳುಗಳೂ ಇಲ್ಲದ ಸಿರಿಂಜನ್ನು ಒತ್ತುತ್ತಿದ್ದವು. ಅವು ಅವಳಿಗಿಂತ ಸ್ವಲ್ಪ ಹೆಚ್ಚೇ ಒತ್ತಿದವು. ಗುಡ್ಡಗಳು ಯೋಚನೆ ಮಾಡಿ, ನಿಧಾನವಾಗಿ, ಮತ್ತೆ ಎದ್ದವು.

"ಇನ್ನು ನೀವು ಹೊರಗೆ ಹೋಗಿ ಕೂತ್ಕೊಳ್ಳಿ ಸರ್" ಅಂದಳು.

ಹೊರಗಿನ ಬೆಂಚಿನ ಮೇಲೆ ಡಾಕ್ಟರು ಯಾವತ್ತೂ ಕೂತವರಲ್ಲ. ಅದು ಇಷ್ಟು ತಣ್ಣಗಿರುತ್ತದೆ, ಒಂದು ಕಾಲು ಕುಂಟುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಬಾಗಿಲು ತೆರೆದಾಗಲೆಲ್ಲ ಎದ್ದರು. ಹತ್ತಿಯ ಡಬ್ಬಿ ಹಿಡಿದುಕೊಂಡು ಬಂದ ನರ್ಸನ್ನು ನಿಲ್ಲಿಸಿ, "ಹೇಗಿದ್ದಾಳಮ್ಮಾ?" ಎಂದು ಕೇಳಿದರು. ಆಕೆ ಬೇರೆ ಕೋಣೆಯವಳು, ಆದರೂ ಈ ಡಾಕ್ಟರಿಂದಲೇ ಕಲಿತ ಮಾತನ್ನು ಹೇಳಿದಳು: "ನಿದ್ದೆ ಅಷ್ಟೇ ಸರ್, ಏನೂ ಆಗಲ್ಲ." ಈ ಮಾತು ಕೇಳಿ ಜೀವನದಲ್ಲಿ ಒಬ್ಬರಿಗಾದರೂ ಸಮಾಧಾನವಾಗಿರಬಹುದೇ ಎಂದು ಡಾಕ್ಟರಿಗೆ ಮೊದಲನೇ ಸಲ ಅನುಮಾನ ಬಂತು.

ಕೊನೆಗೆ ಮೂಳೆ ಡಾಕ್ಟರು ಹೊರಗೆ ಬಂದರು. ಈ ಸಲ ಓಡಲಿಲ್ಲ, ಹತ್ತಿರ ಬಂದು ನಿಂತರು. "ಮೂಳೆ ಚೆನ್ನಾಗಿ ಕೂತಿದೆ" ಅಂದರು. ಹೋಗದೆ ಅಲ್ಲೇ ನಿಂತು, ದನಿ ತಗ್ಗಿಸಿ, "ಆ ಮೀಸೆ ವಿಷಯ ಗೊತ್ತಾದ್ರೆ ಒಂದು ಫೋನ್ ಮಾಡಿ" ಎಂದು ಸೇರಿಸಿದರು.

ಚೇತರಿಕೆಯ ಕೋಣೆಯಲ್ಲಿ ಪರದೆ ಎಳೆದು, ಶಿಷ್ಯೆ ಅಕ್ಕನ ಹಾಸಿಗೆಯ ಒಂದು ಬದಿಗೆ ನಿಂತಿದ್ದಳು. ಡಾಕ್ಟರು ಇನ್ನೊಂದು ಬದಿಗೆ ಬಂದರು. ಹೇಳಿದವರಿಲ್ಲದಿದ್ದರೂ ಕೈ ಜೇಬಿನಲ್ಲೇ ಇತ್ತು.

"ಅಮ್ಮಾ, ಕಣ್ಣು ಬಿಡಿ" ಅಂದಳು ಶಿಷ್ಯೆ.

ಅಕ್ಕನ ಕಣ್ಣೆವೆ ಅಲುಗಿತು. ಒಂದು ಕಣ್ಣು ತೆರೆಯಿತು, ಮುಚ್ಚಿತು, ಮತ್ತೆ ಎರಡೂ ತೆರೆದವು. ಡಾಕ್ಟರು ಉಸಿರು ಬಿಟ್ಟ ಸದ್ದು ಪಕ್ಕದ ಪರದೆಯ ಆಚೆಗೂ ಕೇಳಿಸಿರಬೇಕು.

"ಅಕ್ಕ, ಹೇಗಿದ್ದೀಯಾ?"

ಅಕ್ಕ ನಾಲಗೆಯಿಂದ ತುಟಿ ಒದ್ದೆ ಮಾಡಿಕೊಂಡರು. "ಎಲ್ಲಿವರೆಗೆ... ಹೇಳಿದ್ದೆ?"

"ಒಂದು ಕಡೆದು ಮಾತ್ರ. ಕತ್ತರಿ ಕೈಲಿತ್ತು, ಅಳ್ತಿದ್ದ, ಮೀಸೆ ಒಂದು ಕಡೆದು ಮಾತ್ರ, ಅಲ್ಲಿವರೆಗೆ!" ಡಾಕ್ಟರು ಒಂದೇ ಉಸಿರಿಗೆ ಹೇಳಿದರು.

ಅಕ್ಕ ಅವರನ್ನು ನೋಡಿದರು. ಆಮೇಲೆ ತಲೆಯನ್ನು ಕಷ್ಟಪಟ್ಟು ಇನ್ನೊಂದು ಕಡೆ ತಿರುಗಿಸಿದರು.

"ಮಲಗಿಸಿದ್ದು ನೀನು ತಾನೆ? ಬಾ ಇಲ್ಲಿ. ನಿಂಗೆ ಹೇಳ್ತೀನಿ."

"ಅಕ್ಕಾ! ಕಥೆ ನನ್ನದು!"

"ನೀನು ಸುಮ್ನಿರೋ."

ಶಿಷ್ಯೆ ಬಗ್ಗಿ, ಅಕ್ಕನ ಬಾಯಿಗೆ ಕಿವಿ ಕೊಟ್ಟಳು. ಹಲ್ಲಿಲ್ಲದ ಬಾಯಿ ಪಿಸಪಿಸ ಅಂದಿತು. ಡಾಕ್ಟರು ಹಾಸಿಗೆಯ ಮೇಲೆ ಎಷ್ಟು ಬಗ್ಗಬಹುದೋ ಅಷ್ಟು ಬಗ್ಗಿದರು. ಯಂತ್ರದ ಟಿಕ್ ಟಿಕ್ ಬಿಟ್ಟು ಏನೂ ಕೇಳಿಸಲಿಲ್ಲ. ಮೊದಲು ಶಿಷ್ಯೆಯ ಹುಬ್ಬು ಏರಿತು. ಆಮೇಲೆ ಅವಳ ಹೆಗಲು ಅಲುಗಾಡಿತು. ಆಮೇಲೆ, ಆಸ್ಪತ್ರೆಯಲ್ಲಿ ಯಾರೂ ಕಾಣದಿದ್ದದ್ದು ನಡೆಯಿತು. ಅವಳು ಬಾಯಿಗೆ ಕೈ ಅಡ್ಡ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಏನಂತಮ್ಮಾ? ಏನಾಗಿತ್ತಂತೆ?" ಡಾಕ್ಟರು ಕೇಳಿದರು.

ಶಿಷ್ಯೆ ಕಣ್ಣೊರೆಸಿಕೊಂಡು ನೆಟ್ಟಗೆ ನಿಂತಳು. "ಸಾರಿ ಸರ್. ಅದಕ್ಕೆ ಬೇರೆ ಸರ್ಟಿಫಿಕೇಟು ಬೇಕಾಗುತ್ತೆ" ಅಂದಳು.

ಡಾಕ್ಟರು ಮುಖದ ಮಾಸ್ಕು ಕೆಳಗೆಳೆದು, ಅಕ್ಕನನ್ನೇ ಕೇಳಿಬಿಡೋಣವೆಂದು ಬಗ್ಗಿದರು. ಅಷ್ಟರಲ್ಲಿ ಅಕ್ಕನ ಕಣ್ಣು ಮತ್ತೆ ಮುಚ್ಚಿಕೊಂಡಿತ್ತು. ಆದರೆ ಕೈ ಹೊದಿಕೆಯೊಳಗಿಂದ ಹೊರಗೆ ಬಂತು, ಗಾಳಿಯಲ್ಲಿ ಸ್ವಲ್ಪ ತಡಕಾಡಿತು, ಬಗ್ಗಿದ್ದ ಮುಖ ಸಿಕ್ಕಿದ್ದೇ ಅವರ ಬಿಳಿಯ ಮೀಸೆಯ ಎಡಗಡೆಯನ್ನು ಎರಡು ಬೆರಳಿನಲ್ಲಿ ಹಿಡಿದುಕೊಂಡಿತು. ಹಿಡಿದುಕೊಂಡೇ ಅಕ್ಕ ನಿದ್ದೆ ಹೋದರು. ಡಾಕ್ಟರು ಬಗ್ಗಿದವರು ಬಗ್ಗಿದಂತೆಯೇ, ಅಲ್ಲಾಡದೆ ನಿಂತರು.